ಬೀಸಣಿಗೆಯೂ ಬೀಸುವ ಕಲ್ಲೂ

ಕನ್ನಡದ 'ಬೀಸು' ಎಂಬ ಕ್ರಿಯಾಪದಕ್ಕೆ ಎರಡು ಕೆಲಸ. ಗಾಳಿ ಬೀಸುತ್ತದೆ, ರಾಗಿಯನ್ನೂ ಬೀಸುತ್ತಾರೆ. ಒಂದರಿಂದ ಬೀಸಣಿಗೆ, ಇನ್ನೊಂದರಿಂದ ಬೀಸುವ ಕಲ್ಲು. ಒಂದು ತಂಪಿಗೆ, ಮತ್ತೊಂದು ಹಿಟ್ಟಿಗೆ. ಎರಡೂ ತಮ್ಮ ತಮ್ಮ ಕೆಲಸವನ್ನು ನೋಡಿಕೊಂಡಿರುವವರೆಗೆ ಮನೆಯಲ್ಲಿ ನೆಮ್ಮದಿಯುಂಟು. ಚಾವಣಿಯಿಂದ ತೂಗುವ ಬೀಸಣಿಗೆಯು ನಡುರಾತ್ರಿಯಲ್ಲಿ ಬೀಸುವ ಕಲ್ಲಿನ ಕೆಲಸವನ್ನು ಕೈಗೆತ್ತಿಕೊಂಡಿತೆಂದರೆ, ಅದರ ಕೆಳಗೆ ಮಲಗಿದವರ ಪಾಡು ದೇವರಿಗೇ ಪ್ರೀತಿ.

ಬಳ್ಳಾರಿಯ ಮೇಷ್ಟರೊಬ್ಬರ ಮನೆಯಲ್ಲಿ ನಡೆದುದು ಇದೇ. ಬಳ್ಳಾರಿಗೆ ಇರುವುದು ಎರಡೇ ಋತು, ಬೇಸಗೆಯೊಂದು, ಕಡುಬೇಸಗೆ ಮತ್ತೊಂದು ಎಂದು ಊರವರೇ ನಗೆಯಾಡುವುದುಂಟು. ಅಂಥ ಊರಿನಲ್ಲಿ ಫ್ಯಾನು ಭೋಗದ ವಸ್ತುವಲ್ಲ, ಮನೆಯ ಸದಸ್ಯ. ಮೇಷ್ಟರ ನಡುಮನೆಯ ಫ್ಯಾನಿನ ನೇರ ಕೆಳಗೆ ಅವರ ವೃದ್ಧ ತಾಯಿಯ ಮಂಚ. ಪಕ್ಕದಲ್ಲಿ ಮಗಳು ಕುಳಿತು ಹತ್ತನೆಯ ತರಗತಿಯ ಪರೀಕ್ಷೆಗೆ ಓದುವ ಮೇಜು.

ದೀಪಾವಳಿಗೆ ಸುಣ್ಣಬಣ್ಣ ಮಾಡಿಸಿದಾಗ ಫ್ಯಾನನ್ನು ಇಳಿಸಿ ಮತ್ತೆ ತೂಗುಹಾಕಿದ್ದರು. ಅಂದಿನಿಂದ ಅದಕ್ಕೆ ಬಾಯಿ ಬಂದಿತು. ಮೊದಲು ಒಂದು ಸಣ್ಣ 'ಟಕ್'. ಸಂಕ್ರಾಂತಿಯ ಹೊತ್ತಿಗೆ ಅದರೊಡನೆ 'ಗರಗರ' ಸೇರಿತು. ರಿಪೇರಿಯವನು ಬಂದು ನೆತ್ತಿಯಿಂದ ನಾಲ್ಕು ಹನಿ ಎಣ್ಣೆ ಬಿಟ್ಟು, ಹಣ ಪಡೆದು ಹೋದನು. ಎರಡು ದಿನ ಮೌನ; ಮೂರನೆಯ ದಿನ ಮತ್ತೆ ಅದೇ ರಾಗ. "ಹಳೆಯದಾಯಿತು, ಹೊಸದು ತಂದುಬಿಡಿ" ಎಂದರು ಮಡದಿ. "ಸದ್ದಾದರೇನು, ಗಾಳಿ ಬರುತ್ತದಲ್ಲ" ಎಂದರು ತಾಯಿ. ಮೇಷ್ಟರು ತಾಯಿಯ ಮಾತಿಗೆ ತಲೆದೂಗಿದರು; ಅದರಲ್ಲಿ ಮಾತೃಭಕ್ತಿಯೆಷ್ಟು, ಮಿತವ್ಯಯವೆಷ್ಟು ಎಂದು ಯಾರೂ ಕೇಳಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಸದ್ದು ಎಲ್ಲರ ಕಿವಿಗೂ ಒಗ್ಗಿಹೋಯಿತು. ಒಗ್ಗಿದ ಸದ್ದು ಸದ್ದೇ ಅಲ್ಲ.

ಯುಗಾದಿಗೆ ಹುಬ್ಬಳ್ಳಿಯಿಂದ ಮೇಷ್ಟರ ಸೋದರಮಾವ ಬಂದರು. ರೈಲ್ವೆ ವರ್ಕ್‌ಷಾಪಿನಲ್ಲಿ ಬಾಳೆಲ್ಲ ಯಂತ್ರಗಳೊಡನೆ ಕಳೆದು ನಿವೃತ್ತರಾದವರು. ರಾತ್ರಿ ನಡುಮನೆಯಲ್ಲಿ ಚಾಪೆ ಹಾಸಿ ಮಲಗಿದರು. ಆದರೆ ನಿದ್ರೆ ಮಾಡಲಿಲ್ಲ. ಬೆಳಿಗ್ಗೆ ಕಾಫಿಯ ಲೋಟವನ್ನು ಕೆಳಗಿಡುತ್ತ ಅವರು ಆಡಿದ ಮಾತು ಇದು: "ನೋಡಪ್ಪಾ, ನಿನ್ನ ಫ್ಯಾನು ಮಾಡುತ್ತಿರುವುದು ಒಂದು ಸದ್ದಲ್ಲ, ಮೂರು. ನೀವೆಲ್ಲ ಅದನ್ನು ಒಂದೇ ಎಂದು ತಿಳಿದಿದ್ದೀರಿ."

ಈ ಮಾತಿನಲ್ಲಿಯೇ ಇಡೀ ವಿದ್ಯೆ ಅಡಗಿದೆ. ವೈದ್ಯನು ನಾಡಿ ಹಿಡಿಯದೆ ಔಷಧ ಕೊಟ್ಟರೆ ಹೇಗೋ, ಸದ್ದನ್ನು ಬಿಡಿಸಿ ಕೇಳದೆ ಎಣ್ಣೆ ಹೊಯ್ಯುವುದೂ ಹಾಗೆಯೇ. ನಾಡಿ ಹಿಡಿಯಲು ಬೇಕಾದುದು ಗೋಡೆಯ ಮೇಲಿನ ಸ್ವಿಚ್ಚು ಮಾತ್ರ. ಫ್ಯಾನು ಓಡುತ್ತಿರುವಾಗ ಅದನ್ನು ಆರಿಸಿ ಕಿವಿಗೊಡಬೇಕು. ವಿದ್ಯುತ್ತು ನಿಂತ ಕ್ಷಣದಲ್ಲಿಯೇ ಯಾವ ಸದ್ದು ಅಡಗುವುದೋ ಅದು ವಿದ್ಯುತ್ತಿನ ಸದ್ದು. ವಿದ್ಯುತ್ತು ನಿಂತರೂ ರೆಕ್ಕೆಗಳು ಸುತ್ತುತ್ತಿರುವಷ್ಟು ಹೊತ್ತು ಯಾವುದು ಕೇಳಿಬರುವುದೋ ಅದು ಲೋಹಕ್ಕೆ ಲೋಹ ತಗಲುವ ಸದ್ದು.

ಮೇಷ್ಟರು ಸ್ವಿಚ್ಚನ್ನು ಆರಿಸಿದರು. ಅದುವರೆಗೆ ಯಾರ ಗಮನಕ್ಕೂ ಬಾರದಿದ್ದ ಒಂದು 'ಗುಂಯ್' ಎಂಬ ಗುನುಗು ತಟ್ಟನೆ ನಿಂತಿತು. 'ಟಕ್' ಮತ್ತು 'ಗರಗರ'ಗಳು ಉಳಿದವು. ರೆಕ್ಕೆಗಳ ವೇಗ ಇಳಿದಂತೆ 'ಟಕ್' ಎಂಬುದು ಸುತ್ತಿಗೊಂದರಂತೆ, ಎಣಿಸಬಹುದಾದಷ್ಟು ನಿಧಾನವಾಗಿ ಬೀಳತೊಡಗಿತು.

"ಸುತ್ತಿಗೆ ಒಂದು ಸಲ ಬಡಿಯುವುದು ಎಲ್ಲೋ ಸಡಿಲವಾದ ಲಕ್ಷಣ. ಎಡೆಬಿಡದೆ ಉಜ್ಜುವುದು ಬೇರಿಂಗೋ, ಬಟ್ಟಲೋ ಆಗಿರಬೇಕು. ಆ ಗುನುಗು ಮಾತ್ರ ಫ್ಯಾನಿನ ತಪ್ಪಲ್ಲ, ಅದನ್ನು ಆಮೇಲೆ ನೋಡೋಣ" ಎಂದು ಸೋದರಮಾವ ಎದ್ದರು.

ಅವರು ಮೊದಲು ಹೋದುದು ಫ್ಯಾನಿನ ಬಳಿಗಲ್ಲ, ಮೀಟರಿನ ಬಳಿಗೆ. ಮೇನ್ ಸ್ವಿಚ್ಚನ್ನು ಇಳಿಸಿದರು. ಗೋಡೆಯ ಸ್ವಿಚ್ಚು ಆರಿದ್ದರೆ ಸಾಲದೆ ಎಂದು ಮೇಷ್ಟರು ಕೇಳಿದರು. ಸಾಲದು. ತಂತಿ ಎಳೆದವನು ಸ್ವಿಚ್ಚನ್ನು ಫೇಸ್ ತಂತಿಗೆ ಕೊಡುವ ಬದಲು ನ್ಯೂಟ್ರಲ್ ತಂತಿಗೆ ಕೊಟ್ಟಿದ್ದರೆ, ಫ್ಯಾನು ನಿಲ್ಲುತ್ತದೆಯೇ ಹೊರತು ಅದರೊಳಗಿನ ವಿದ್ಯುತ್ತು ಹೋಗುವುದಿಲ್ಲ. ಮುಟ್ಟಿದವನಿಗೆ ಮಾತ್ರ ಅದು ತಿಳಿಯುತ್ತದೆ. ಬಳಿಕ ಮಂಚವನ್ನು ಸರಿಸಿ, ನಾಲ್ಕು ಕಾಲೂ ನೆಲಕ್ಕೆ ಕಚ್ಚುವ ಮರದ ಮೇಜನ್ನು ತರಿಸಿದರು. ಮೇಷ್ಟರು ಹತ್ತಿದರು, ಸೋದರಮಾವ ಕೆಳಗೆ ಮೇಜನ್ನು ಹಿಡಿದು ನಿಂತರು. ಈ ಕೆಲಸಕ್ಕೆ ಒಬ್ಬರೇ ಇರಕೂಡದು.

ಫ್ಯಾನಿನ ರಚನೆಯನ್ನು ಇಲ್ಲಿ ತಿಳಿಯುವುದು ಒಳ್ಳೆಯದು. ಸಾಮಾನ್ಯ ಮೋಟಾರಿನಲ್ಲಿ ಹೊರಗವಚ ನಿಂತಿದ್ದು ಒಳಗಿನ ದಂಡ ತಿರುಗುತ್ತದೆ. ಚಾವಣಿಯ ಫ್ಯಾನು ಇದಕ್ಕೆ ತಿರುವುಮುರುವು. ನಡುವಿನ ದಂಡವೂ ಅದಕ್ಕೆ ಸುತ್ತಿದ ತಾಮ್ರದ ತಂತಿಯ ಸುರುಳಿಗಳೂ ನಿಶ್ಚಲ. ಹೊರಗಿನ ದುಂಡು ಕವಚವೇ ರೆಕ್ಕೆಗಳನ್ನು ಹೊತ್ತು ಎರಡು ಬೇರಿಂಗುಗಳ ಮೇಲೆ ಸುತ್ತುತ್ತದೆ. ದಂಡದ ಮೇಲೆ ಉದ್ದನೆಯ ರಾಡು. ರಾಡಿನ ಎರಡು ತುದಿಗಳಲ್ಲಿ ಕಬ್ಬಿಣವನ್ನು ಮರೆಮಾಡುವ ಎರಡು ಬಟ್ಟಲು, ಕೆಳಗಿನದೊಂದು, ಮೇಲಿನದೊಂದು. ಚಾವಣಿಯ ಕೊಕ್ಕೆಗೆ ರಬ್ಬರಿನದೊಂದು ಚಿಕ್ಕ ಗಾಲಿ ಸಿಕ್ಕಿಕೊಂಡಿರುತ್ತದೆ. ಆ ಗಾಲಿಯ ನಡುವೆ ಹಾದ ಒಂದೇ ಒಂದು ಬೋಲ್ಟು ಇಡೀ ಫ್ಯಾನನ್ನು ಹೊರುತ್ತದೆ.

ಮೇಷ್ಟರು ರಾಡನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಿಂದ ರೆಕ್ಕೆಯನ್ನು ನಿಧಾನವಾಗಿ ತಿರುಗಿಸಿದರು. ಬೇರಿಂಗು ಸವೆದಿದ್ದರೆ ಮರಳು ಸಿಕ್ಕಿದಂತೆ ಕೈಗೆ ತರಿತರಿಯಾಗಿ ತಿಳಿಯಬೇಕು. ಹಾಗೇನೂ ಇರಲಿಲ್ಲ. 'ಗರಗರ' ಬರುತ್ತಿದ್ದುದು ಕೆಳಗಿನ ಬಟ್ಟಲಿನಿಂದ. ಅದನ್ನು ರಾಡಿಗೆ ಬಿಗಿದಿದ್ದ ಸ್ಕ್ರೂ ಸಡಿಲಾಗಿ, ಬಟ್ಟಲು ಅರ್ಧ ಅಂಗುಲ ಜಾರಿ, ತಿರುಗುವ ಕವಚಕ್ಕೆ ತಗಲುತ್ತಿತ್ತು. ಕವಚದ ಬಣ್ಣ ಉಂಗುರದಂತೆ ಸವೆದಿತ್ತು. ಬಟ್ಟಲನ್ನು ಮೇಲೆತ್ತಿ ಸ್ಕ್ರೂ ಬಿಗಿಯುವುದಕ್ಕೆ ಅರ್ಧ ನಿಮಿಷ ಸಾಕಾಯಿತು.

"ಹಾಗಾದರೆ ಎಣ್ಣೆ?" ಎಂದರು ಮೇಷ್ಟರು.

"ಎಣ್ಣೆ ದಂಡವಾಯಿತು. ಈಗಿನ ಬೇರಿಂಗುಗಳಿಗೆ ಗ್ರೀಸು ತುಂಬಿ ಎರಡು ಕಡೆಯೂ ಮುಚ್ಚಿಯೇ ಕೊಡುತ್ತಾರೆ. ಮೇಲಿನಿಂದ ಹೊಯ್ದ ಎಣ್ಣೆ ಒಳಗೆ ಹೋಗದು. ಧೂಳು ಹಿಡಿಯುತ್ತದೆ, ಸುರುಳಿಗೂ ಇಳಿಯುತ್ತದೆ. ಬೇರಿಂಗು ನಿಜವಾಗಿ ಸವೆದಿದ್ದರೆ ಹೊಸದನ್ನೇ ಹಾಕಿಸಬೇಕು. ಅದು ಮೋಟಾರನ್ನು ಬಿಚ್ಚಿ ಮಾಡುವ ಕೆಲಸ, ಬಲ್ಲವರಿಗೆ ಬಿಡುವುದು ಮೇಲು."

ಉಳಿದುದು 'ಟಕ್'. ಓಡುವಾಗ ಫ್ಯಾನು ತೊನೆಯುತ್ತಿತ್ತೆಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಮೇಷ್ಟರ ಮಗಳನ್ನು ಸೋದರಮಾವ ಪುಸ್ತಕದಿಂದ ಎಬ್ಬಿಸಿ, ಅಡಿಕೋಲು ಕಟ್ಟಿದ ಒಂದು ಕಡ್ಡಿಯನ್ನು ಕೊಟ್ಟರು. ರೆಕ್ಕೆಯ ತುದಿಯ ಪಕ್ಕದಲ್ಲಿ ಕಡ್ಡಿಯನ್ನು ಚಾವಣಿಗೆ ಮುಟ್ಟಿಸಿ, ಅಲುಗದಂತೆ ಒಂದೇ ಕಡೆ ಹಿಡಿದಿರಬೇಕು. ಒಂದೊಂದೇ ರೆಕ್ಕೆಯನ್ನು ಕೈಯಿಂದ ಅದರ ಬಳಿಗೆ ತಂದು, ಚಾವಣಿಯಿಂದ ಎಷ್ಟು ಕೆಳಗಿದೆಯೆಂದು ಗುರುತು ಹಾಕಬೇಕು. ಅಳೆಯುವ ಸ್ಥಳ ಬದಲಾದರೆ ಚಾವಣಿಯ ಉಬ್ಬುತಗ್ಗು ಲೆಕ್ಕವನ್ನು ಕೆಡಿಸುತ್ತದೆ. ಹುಡುಗಿ ಅಳೆದಳು. ಎರಡು ರೆಕ್ಕೆಗಳು ಸರಿಸಮ. ಮೂರನೆಯದು ಮುಕ್ಕಾಲು ಅಂಗುಲ ಕೆಳಗೆ. ಧೂಳು ಒರೆಸುವಾಗ ಆ ಒಂದು ರೆಕ್ಕೆಯನ್ನು ಯಾರೋ ಮೇಲಿನಿಂದ ಒತ್ತಿದ್ದರು. ಬುಡದ ತಗಡು ಬಗ್ಗಿ, ಸ್ಕ್ರೂ ಸಡಿಲವಾಗಿತ್ತು. ಸ್ಕ್ರೂ ಬಿಗಿದು, ತಗಡನ್ನು ಮೆಲ್ಲನೆ ಮೇಲಕ್ಕೆ ಒತ್ತಿ, ಮತ್ತೆ ಅಳೆದು, ಮೂರನ್ನೂ ಒಂದೇ ಮಟ್ಟಕ್ಕೆ ತಂದರು. ಒಂದು ಫ್ಯಾನಿನ ರೆಕ್ಕೆಯನ್ನು ಇನ್ನೊಂದಕ್ಕೆ ಜೋಡಿಸುವುದೂ ಇಂಥದೇ ತಪ್ಪು. ಮೂರನ್ನೂ ತೂಕ ಸರಿಹೊಂದಿಸಿ ಒಂದು ಜೊತೆಯಾಗಿ ಮಾಡಿರುತ್ತಾರೆ.

"ಅಜ್ಜಾ, ಮುಕ್ಕಾಲು ಅಂಗುಲಕ್ಕೆ ಇಷ್ಟೊಂದು ತೊನೆದಾಟವೇ?" ಎಂದು ಹುಡುಗಿ ಕೇಳಿದಳು.

"ನೀನೇ ಲೆಕ್ಕ ಹಾಕು ಮಗೂ. ಈ ತುದಿಯಿಂದ ಆ ತುದಿಗೆ ೧೨೦೦ ಮಿಲಿಮೀಟರು. ನಿಮಿಷಕ್ಕೆ ೩೫೦ ಸುತ್ತು ಎಂದುಕೋ."

ಹುಡುಗಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಲೆಕ್ಕ ಮಾಡಿದಳು. ರೆಕ್ಕೆಯ ತುದಿ ಒಂದು ಸುತ್ತಿಗೆ ಸುಮಾರು ೩.೭೭ ಮೀಟರು ಓಡುತ್ತದೆ. ನಿಮಿಷಕ್ಕೆ ೧,೩೨೦ ಮೀಟರು. ಗಂಟೆಗೆ ಹೆಚ್ಚುಕಡಿಮೆ ೮೦ ಕಿಲೋಮೀಟರು. ಹೆದ್ದಾರಿಯ ಬಸ್ಸಿನ ವೇಗ, ಅಜ್ಜಿಯ ಮಂಚದ ಮೇಲೆ. ಹುಡುಗಿ ಉತ್ತರದ ಕೆಳಗೆ ಎರಡು ಗೆರೆ ಎಳೆದು ಸುಮ್ಮನಾದಳು.

ರೆಕ್ಕೆ ಸರಿಹೋಯಿತೆಂದು ಮೇಷ್ಟರು ಕೆಳಗಿಳಿಯಹೊರಟರು. ಸೋದರಮಾವ ತಡೆದರು. "ಇಷ್ಟು ತಿಂಗಳು ತೊನೆದ ಫ್ಯಾನು ಮೇಲೆ ಏನು ಮಾಡಿದೆಯೋ ನೋಡದೆ ಇಳಿಯಬೇಡ. ಮೇಲಿನ ಬಟ್ಟಲನ್ನು ಇಳಿಸು."

ಬಟ್ಟಲನ್ನು ಇಳಿಸಿದರು. ಮೇಷ್ಟರು ಬಹಳ ಹೊತ್ತು ಮಾತಾಡಲಿಲ್ಲ.

ಭಾರ ಹೊರುವ ಆ ಬೋಲ್ಟಿನ ತುದಿಗೆ ಒಂದು ನಟ್ಟು ಇರುತ್ತದೆ. ನಟ್ಟಿನ ಆಚೆ ಬೋಲ್ಟಿನಲ್ಲಿ ಒಂದು ತೂತು. ಆ ತೂತಿನಲ್ಲಿ ಇಬ್ಬಾಗವಾದ ಕಾಲುಗಳುಳ್ಳ ಒಂದು ಪಿನ್ನನ್ನು ತೂರಿಸಿ, ಕಾಲುಗಳನ್ನು ಎರಡು ಕಡೆಗೆ ಬಗ್ಗಿಸುತ್ತಾರೆ. ಸ್ಪ್ಲಿಟ್ ಪಿನ್ನು ಎಂದು ಇದರ ಹೆಸರು. ಫ್ಯಾನು ಎಷ್ಟೇ ಅದುರಲಿ, ನಟ್ಟು ಬಿಚ್ಚಿಕೊಂಡು ಉದುರದಂತೆ ತಡೆಯುವುದು ಈ ಪಿನ್ನು. ಮೇಷ್ಟರ ಫ್ಯಾನಿನ ಬೋಲ್ಟಿನಲ್ಲಿ ತೂತು ಇದ್ದಿತು, ಪಿನ್ನು ಇರಲಿಲ್ಲ. ದೀಪಾವಳಿಯಲ್ಲಿ ಮತ್ತೆ ತೂಗುಹಾಕಿದವನು ಅದನ್ನು ಮರೆತಿದ್ದನು. ಐದು ತಿಂಗಳ ಅದುರಾಟದಲ್ಲಿ ನಟ್ಟು ಒಂದೊಂದೇ ಸುತ್ತು ಹಿಂದೆ ಸರಿದು, ಕೊನೆಯ ಎರಡು ಎಳೆಗಳ ಮೇಲೆ ನಿಂತಿತ್ತು. ಸಡಿಲಾದ ಬೋಲ್ಟು ಸುತ್ತಿಗೊಮ್ಮೆ ಕಬ್ಬಿಣಕ್ಕೆ ಬಡಿಯುತ್ತಿತ್ತು. ಅದೇ ಆ 'ಟಕ್'.

ಐದು ತಿಂಗಳಿಂದ ಅದು ಒಂದೇ ಮಾತನ್ನು ಹೇಳುತ್ತಿತ್ತು. ಮನೆಯವರು ಅದನ್ನು ಸದ್ದೆಂದು ತಿಳಿದಿದ್ದರು.

ಹೊಸ ಪಿನ್ನು, ಹೊಸ ನಟ್ಟು, ಬಿರುಕು ಬಿಟ್ಟಿದ್ದ ರಬ್ಬರಿನ ಗಾಲಿಗೆ ಬದಲಾಗಿ ಹೊಸದು, ಇವಿಷ್ಟಕ್ಕೆ ಪೇಟೆಯಲ್ಲಿ ಎರಡು ಕಾಫಿಯ ಹಣಕ್ಕಿಂತ ಹೆಚ್ಚು ಆಗಲಿಲ್ಲ. ರಾಡಿನ ಕೆಳತುದಿಯ ಬೋಲ್ಟಿಗೂ ಇಂಥದೇ ಪಿನ್ನು ಉಂಟು, ಅದು ಭದ್ರವಾಗಿತ್ತು. ಫ್ಯಾನನ್ನು ಇಳಿಸಿ ಏರಿಸಿದಾಗಲೆಲ್ಲ ಈ ಎರಡು ಪಿನ್ನುಗಳನ್ನು ಮನೆಯವರೇ ಕಣ್ಣಾರೆ ಕಾಣಬೇಕು. ಹಾಗೆಯೇ ರೆಕ್ಕೆಗಳು ನೆಲದಿಂದ ೨.೪ ಮೀಟರಿಗೆ, ಎಂದರೆ ಸುಮಾರು ಎಂಟು ಅಡಿಗೆ, ಕಡಮೆಯಿಲ್ಲದ ಎತ್ತರದಲ್ಲಿರಬೇಕು. ಚಾವಣಿಯಿಂದ ಒಂದು ಅಡಿಯಾದರೂ ಕೆಳಗಿರಬೇಕು. ಮೇಲೆ ಎಡೆಯಿಲ್ಲದ ಫ್ಯಾನಿಗೆ ಎಳೆದುಕೊಳ್ಳಲು ಗಾಳಿಯೇ ಸಿಕ್ಕದು.

ಇನ್ನು ಆ ಗುನುಗಿನ ವಿಚಾರ. ಅದು ವೇಗದ ವಿಚಾರವೂ ಹೌದು.

ದೊರೆಗಳ ಬಂಗಲೆಗಳಲ್ಲಿ ಬಟ್ಟೆಯ ಪಂಖವನ್ನು ಹಗ್ಗ ಕಟ್ಟಿ ಎಳೆಯುತ್ತಿದ್ದ ಕಾಲದಲ್ಲಿ ವೇಗ ಹೆಚ್ಚಿಸುವ ಸಾಧನವೆಂದರೆ ಬೈಗುಳ. ೧೮೮೦ರ ದಶಕದಲ್ಲಿ ಅಮೆರಿಕದ ಫಿಲಿಪ್ ಡೀಲ್ ಎಂಬಾತನು ಹೊಲಿಗೆ ಯಂತ್ರದ ಮೋಟಾರಿಗೆ ರೆಕ್ಕೆ ಕಟ್ಟಿ ಚಾವಣಿಗೆ ತೂಗುಹಾಕಿದ ಮೇಲೆ, ಪಂಖ ಎಳೆಯುವವನ ಕೆಲಸ ತಂತಿಗೆ ಬಂದಿತು. ತಂತಿಗೆ ಬೈದು ಪ್ರಯೋಜನವಿಲ್ಲವಾಗಿ ರೆಗ್ಯುಲೇಟರು ಬೇಕಾಯಿತು.

ಮೊದಲ ಬಗೆಯ ರೆಗ್ಯುಲೇಟರು ಹಳೆಯ ಮನೆಗಳ ಗೋಡೆಯ ಮೇಲೆ ಕಾಣುವ ದೊಡ್ಡ ಪೆಟ್ಟಿಗೆ. ಅದರೊಳಗೆ ತಡೆತಂತಿಯ ಸುರುಳಿಗಳು. ಕಾಲುವೆಗೆ ಕಲ್ಲು ಅಡ್ಡವಿಟ್ಟು ನೀರನ್ನು ತಗ್ಗಿಸಿದಂತೆ ಅದು ವಿದ್ಯುತ್ತನ್ನು ತಗ್ಗಿಸುತ್ತದೆ. ಫ್ಯಾನಿಗೆ ಹೋಗದ ಶಕ್ತಿಯಲ್ಲಿ ಒಂದು ಪಾಲು ಪೆಟ್ಟಿಗೆಯಲ್ಲಿಯೇ ಶಾಖವಾಗಿ ವ್ಯರ್ಥ. ಎರಡನೆಯ ಬಗೆ, ಗುಂಡಿಯನ್ನು ತಡೆಯಿಲ್ಲದೆ ನುಣ್ಣಗೆ ತಿರುಗಿಸಬಹುದಾದ ಎಲೆಕ್ಟ್ರಾನಿಕ್ ರೆಗ್ಯುಲೇಟರು. ನಮ್ಮ ಮನೆಗಳ ವಿದ್ಯುತ್ತು ಸೆಕೆಂಡಿಗೆ ೫೦ ಬಾರಿ ಹಿಂದುಮುಂದಾಗುತ್ತದೆ. ಅದರ ಒಂದೊಂದು ಅರ್ಧ ಅಲೆಯಲ್ಲಿಯೂ ಒಂದು ತುಂಡನ್ನು, ಎಂದರೆ ಸೆಕೆಂಡಿಗೆ ನೂರು ಸಲ, ಈ ರೆಗ್ಯುಲೇಟರು ಕತ್ತರಿಸುತ್ತದೆ. ಕಡಮೆ ವೇಗಕ್ಕೆ ಹೆಚ್ಚು ಕತ್ತರಿ. ಹೀಗೆ ಅಂಚು ಹರಿದ ಅಲೆ ಮೋಟಾರನ್ನು ಹೊಕ್ಕಾಗ ಅದರ ಕಬ್ಬಿಣದ ತಗಡುಗಳು ಅದುರಿ ಗುನುಗುತ್ತವೆ. ಗುಂಡಿಯನ್ನು ಪೂರ್ಣ ವೇಗಕ್ಕೆ ತಿರುಗಿಸಿದಾಗ ಗುನುಗು ಅಡಗಿದರೆ ರೋಗ ಗೋಡೆಯಲ್ಲಿದೆ, ಚಾವಣಿಯಲ್ಲಿಲ್ಲ. ಮೇಷ್ಟರ ಮನೆಯಲ್ಲಿ ಹಾಗೆಯೇ ಆಯಿತು.

ಮೂರನೆಯ ಬಗೆ, ಕೆಪಾಸಿಟರುಗಳ ಮೆಟ್ಟಿಲು ರೆಗ್ಯುಲೇಟರು. ಒಂದು, ಎರಡು, ಮೂರು ಎಂದು ಗುಂಡಿ ಮೆಟ್ಟಿಲು ಮೆಟ್ಟಿಲಾಗಿ ಕೂರುತ್ತದೆ. ಇದು ಅಲೆಯನ್ನು ಕತ್ತರಿಸದೆ ಫ್ಯಾನಿಗೆ ಸಿಕ್ಕುವ ಒತ್ತಡವನ್ನು ತಗ್ಗಿಸುತ್ತದೆ. ಬಿಸಿಯೂ ಆಗದು, ಗುನುಗೂ ಇರದು. ಸೋದರಮಾವ ಹಾಕಿಸಿದುದು ಇದನ್ನೇ. ಇಂಥದರಲ್ಲಿ ಕೊನೆಯ ಮೆಟ್ಟಿಲು ವಿದ್ಯುತ್ತಿಗೆ ನೇರ ದಾರಿ. ಆದುದರಿಂದ ಪೂರ್ಣ ವೇಗದಲ್ಲಿ ಮಾತ್ರ ತಿರುಗಿ ಉಳಿದ ಮೆಟ್ಟಿಲುಗಳಲ್ಲಿ ಫ್ಯಾನು ನಿಂತರೆ ದೋಷ ರೆಗ್ಯುಲೇಟರಿನದು. ದೀಪದ ಬೆಳಕನ್ನು ತಗ್ಗಿಸುವ ಡಿಮ್ಮರನ್ನು ಮಾತ್ರ ಫ್ಯಾನಿಗೆ ಎಂದೂ ಕೊಡಕೂಡದು.

"ಪೂರ್ಣ ವೇಗದಲ್ಲಿಯೂ ಗಾಳಿ ಸಾಲದು ಎನ್ನುತ್ತಾಳಲ್ಲ ಅಮ್ಮ?" ಎಂದರು ಮೇಷ್ಟರು.

ಅದಕ್ಕೆ ಕಾರಣ ಮೋಟಾರಿಗೆ ಜೋಡಿಸಿದ ಪುಟ್ಟ ಕೆಪಾಸಿಟರು. ಹಳೆಯ ಎಲೆಕ್ಟ್ರಿಷಿಯನರು ಕಂಡೆನ್ಸರು ಎನ್ನುವುದು ಇದನ್ನೇ. ಮನೆಗೆ ಬರುವ ಒಂಟಿ ಫೇಸಿನ ವಿದ್ಯುತ್ತಿಗೆ ಮೋಟಾರನ್ನು ತಾನಾಗಿ ಹೊರಡಿಸುವ ಬಲವಿಲ್ಲ. ಎರಡನೆಯ ಸುರುಳಿಗೆ ಹೋಗುವ ವಿದ್ಯುತ್ತನ್ನು ತುಸು ಹಿಂದುಮುಂದು ಮಾಡಿ ತಿರುಗುವ ಸೆಳೆತವನ್ನು ಉಂಟುಮಾಡುವುದು ಕೆಪಾಸಿಟರು. ವರ್ಷಗಳು ಕಳೆದಂತೆ ಅದು ಸೊರಗುತ್ತದೆ. ಆಗ ಫ್ಯಾನು ಮಂದವಾಗುತ್ತದೆ, ಕೊನೆಗೆ ಕೈಯಿಂದ ತಳ್ಳಿದರೆ ಮಾತ್ರ ಹೊರಡುತ್ತದೆ. ಮೈಮೇಲೆ ೨.೫ ಮೈಕ್ರೋಫ್ಯಾರಡ್ ಎಂದು ಬರೆದಿದ್ದರೆ ಅಷ್ಟರದನ್ನೇ ಹಾಕಬೇಕು. ಹೆಚ್ಚು ಗಾಳಿಯಾಸೆಗೆ ದೊಡ್ಡದನ್ನು ಹಾಕಿದರೆ ಸುರುಳಿ ಕಾದು ಸುಡುತ್ತದೆ. ಮೇನ್ ಸ್ವಿಚ್ಚು ಇಳಿದಿದ್ದರೂ ಅದರ ಎರಡು ತುದಿಗಳನ್ನು ಬರಿಗೈಯಿಂದ ಮುಟ್ಟಬಾರದು. ಹೊಟ್ಟೆಯಲ್ಲಿ ವಿದ್ಯುತ್ತನ್ನು ಇಟ್ಟುಕೊಂಡಿರುವುದು ಅದರ ಸ್ವಭಾವ.

ಹೊಸ ಫ್ಯಾನು ಬೇಡವೇ ಎಂದು ಮಡದಿ ಮತ್ತೊಮ್ಮೆ ಕೇಳಿದರು. ಸದ್ದಿಗಾಗಿ ಬೇಡ, ಬಿಲ್ಲಿಗಾಗಿ ಬೇಕಾದರೆ ಉಂಟು. ಹಳೆಯ ಫ್ಯಾನು ಪೂರ್ಣ ವೇಗದಲ್ಲಿ ಸುಮಾರು ೭೫ ವಾಟು ನುಂಗುತ್ತದೆ. ಈಗಿನ ಬಿಎಲ್‌ಡಿಸಿ ಫ್ಯಾನುಗಳಿಗೆ ೩೦ ವಾಟಿನ ಆಸುಪಾಸು ಸಾಕು. ದಿನಕ್ಕೆ ೧೨ ಗಂಟೆ ಓಡಿದರೆ ತಿಂಗಳಿಗೆ ಒಂದಕ್ಕೆ ೨೭ ಯೂನಿಟ್ಟು, ಇನ್ನೊಂದಕ್ಕೆ ಹೆಚ್ಚುಕಡಿಮೆ ೧೧. ೨೦೨೩ರ ಜನವರಿಯಿಂದ ಚಾವಣಿಯ ಫ್ಯಾನುಗಳಿಗೆ ನಕ್ಷತ್ರದ ಚೀಟಿ ಕಡ್ಡಾಯವಾಗಿರುವುದರಿಂದ ಕೊಳ್ಳುವಾಗ ಹೋಲಿಸುವುದು ಸುಲಭ. ಬಿಎಲ್‌ಡಿಸಿ ಫ್ಯಾನಿಗೆ ವೇಗ ನಿಯಂತ್ರಣ ಅದರೊಳಗೇ ಇರುವುದರಿಂದ ಗೋಡೆಯ ರೆಗ್ಯುಲೇಟರನ್ನು ದಾರಿಯಿಂದ ತೆಗೆಸಬೇಕು. ಇಲ್ಲವಾದರೆ ಹೊಸ ಫ್ಯಾನು ಕೆಡುವುದುಂಟು. ಹಳೆಯದಾಗಲಿ ಹೊಸದಾಗಲಿ, ಫ್ಯಾನು ಕೋಣೆಯನ್ನು ತಣಿಸುವುದಿಲ್ಲ. ಬೆವರನ್ನು ಆರಿಸಿ ಮೈಯನ್ನು ತಣಿಸುತ್ತದೆ. ಬರಿಯ ಕೋಣೆಗೆ ಬೆವರಿಲ್ಲ. ಹೊರಗೆ ಹೋಗುವಾಗ ಆರಿಸುವುದೇ ಎಲ್ಲಕ್ಕಿಂತ ಅಗ್ಗದ ಉಳಿತಾಯ.

ಆ ರಾತ್ರಿ ಮಂಚ ಮತ್ತೆ ತನ್ನ ಸ್ಥಳಕ್ಕೆ ಬಂದಿತು. ನಟ್ಟಿನ ಸಂಗತಿಯನ್ನು ಮುದುಕಿಗೆ ಯಾರೂ ಹೇಳಲಿಲ್ಲ. ದೀಪ ಆರಿಸಿದ ಸ್ವಲ್ಪ ಹೊತ್ತಿಗೆ ಕತ್ತಲಿನಿಂದ ಅವರ ದನಿ ಕೇಳಿಸಿತು:

"ಏನೇ, ಫ್ಯಾನು ನಿಂತುಹೋಯಿತೇನೇ? ಸದ್ದೇ ಇಲ್ಲ."

"ಇಲ್ಲ ಅಜ್ಜಿ, ತಿರುಗುತ್ತಿದೆ. ನಿನ್ನ ಸೆರಗು ಮುಟ್ಟಿ ನೋಡು" ಎಂದಳು ಮೊಮ್ಮಗಳು.

ಮುದುಕಿ ಮುಟ್ಟಿ ನೋಡಿದರು. ಸೆರಗು ಹಾರುತ್ತಿತ್ತು. ಇನ್ನೊಂದು ಮಾತಿಗೆ ಅವರು ಎಚ್ಚರವಾಗಿರಲಿಲ್ಲ. ಮೇಷ್ಟರಿಗೆ ಮಾತ್ರ ಬಹಳ ಹೊತ್ತು ನಿದ್ರೆ ಹತ್ತಲಿಲ್ಲ. ಇಲ್ಲದ 'ಟಕ್'ಗೆ ಕಿವಿಗೊಟ್ಟು ಅವರು ಮಲಗಿಯೇ ಇದ್ದರು.